ಶೂ ಕಳಚಿದ ಹುಡುಗ

ಮಕ್ಕಳೇ, ನಿಮ್ಮ ಫೋಟೋ ತೆಗೆಯುವಾಗ ಮನೆಯಲ್ಲಿ ಏನು ಹೇಳುತ್ತಾರೆ? "ನೆಟ್ಟಗೆ ನಿಲ್ಲು, ಅಲುಗಾಡಬೇಡ, ಇಲ್ಲಿ ನೋಡು!" ಸುಮಾರು ನಾನೂರು ವರ್ಷಗಳ ಹಿಂದೆ ಹಾಲೆಂಡಿನಲ್ಲೂ ಹೆಚ್ಚುಕಡಿಮೆ ಹೀಗೇ ಇತ್ತು. ಸಿರಿವಂತರು ಹಣ ಕೊಟ್ಟು ಬರೆಸಿದ ತೈಲಚಿತ್ರಗಳಲ್ಲಿ ಪುಟಾಣಿಗಳು ದೊಡ್ಡವರಂತೆ ರೇಷ್ಮೆ, ಲೇಸು ತೊಟ್ಟು ಗಂಭೀರವಾಗಿ ನಿಂತಿರುತ್ತಾರೆ.

ಆದರೆ ಡಚ್ ಕಲಾವಿದ ರೆಂಬ್ರಾಂಟ್ (1606–1669) ಕಾಗದದ ಮೇಲೆ ಬರೆದ ರೇಖಾಚಿತ್ರಗಳನ್ನು ನೋಡಿ. ಸುಮಾರು 1635ರ ಒಂದು ಚಿತ್ರ ಈಗ ಬರ್ಲಿನ್ನಿನಲ್ಲಿದೆ. ಅದರಲ್ಲಿ ಪುಟ್ಟ ಹುಡುಗನೊಬ್ಬ ರಚ್ಚೆ ಹಿಡಿದು ಕಾಲು ಝಾಡಿಸುತ್ತಿದ್ದಾನೆ. ಒಂದು ಶೂ ಕಳಚಿ ಬೀಳುತ್ತಿದೆ. ಎತ್ತಿಕೊಂಡವಳಿಗೆ ಅವನನ್ನು ಹಿಡಿಯಲು ಆಗುತ್ತಿಲ್ಲ. ಪಕ್ಕದ ಮುದುಕಿ ಗದರುತ್ತಿದ್ದಾಳೆ. ಇಂಥ ಹುಡುಗ ನಿಮ್ಮ ಮನೆಯಲ್ಲೂ ಇದ್ದಾನೆಯೇ?

ಅದೇ ಕಾಲದ ಇನ್ನೊಂದು ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕೆಂಪು ಚಾಕ್‌ನ ಕೆಲವೇ ಗೆರೆಗಳಲ್ಲಿ ಇಬ್ಬರು ಹೆಂಗಸರು ಕೂಸಿಗೆ ಹೆಜ್ಜೆ ಇಡಲು ಕಲಿಸುತ್ತಿದ್ದಾರೆ. ಕೂಸಿನ ತಲೆಗೆ ದಪ್ಪ ಮೆತ್ತನೆಯ ಟೋಪಿ. ಬಿದ್ದರೆ ಪೆಟ್ಟಾಗದಿರಲಿ ಎಂದು ಆಗ ಮಕ್ಕಳಿಗೆ ಅದನ್ನು ಹಾಕುತ್ತಿದ್ದರು. ನಮ್ಮ ಸೈಕಲ್ ಹೆಲ್ಮೆಟ್ ಇದ್ದಂತೆ!

ಪಾಲಕರೇ, ಇಲ್ಲಿ ಒಂದು ವಿಷಯ ಗಮನಿಸಬೇಕು. ಆಗ ರೆಂಬ್ರಾಂಟ್‌ಗೆ ನಡೆಯುವ ವಯಸ್ಸಿನ ಮಗು ಇರಲಿಲ್ಲ. 1635ರ ಕೊನೆಗೆ ಹುಟ್ಟಿದ ಮೊದಲ ಮಗ ಎರಡೇ ತಿಂಗಳಲ್ಲಿ ತೀರಿಕೊಂಡ. ಆಮೇಲೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳೂ ಉಳಿಯಲಿಲ್ಲ. ಬೇರೆ ಯಾರದೋ ಕೂಸಿನ ಹೆಜ್ಜೆಯನ್ನು ಅವನು ಅಷ್ಟು ಅಕ್ಕರೆಯಿಂದ ನೋಡಿ ಬರೆದಿದ್ದಾನೆ.

1641ರಲ್ಲಿ ಹುಟ್ಟಿದ ಟೈಟಸ್ ಮಾತ್ರ ಬದುಕಿ ಬೆಳೆದ. 1655ರಲ್ಲಿ ಅಪ್ಪ ಬರೆದ ಅವನ ತೈಲಚಿತ್ರ ರಾಟರ್‌ಡ್ಯಾಮ್‌ನ ಸಂಗ್ರಹದಲ್ಲಿದೆ. ಹುಡುಗ ಮೇಜಿನ ಮುಂದೆ ಲೇಖನಿ ಹಿಡಿದು, ಹೆಬ್ಬೆರಳನ್ನು ಮುಖಕ್ಕೆ ಒತ್ತಿಕೊಂಡು ಏನೋ ಯೋಚಿಸುತ್ತಾ ಕುಳಿತಿದ್ದಾನೆ. "ಇಲ್ಲಿ ನೋಡು" ಎಂದು ಅಪ್ಪ ಕರೆದಂತಿಲ್ಲ. ಹೋಂವರ್ಕ್ ಮುಂದೆ ಕುಳಿತಾಗ ನಿಮ್ಮ ಮುಖವೂ ಹೀಗೇ ಇರುತ್ತದೆ, ಅಲ್ಲವೇ?

ಈ ತಿಂಗಳು ನೀವೂ ಒಂದು ಪೆನ್ಸಿಲ್ ಹಿಡಿಯಿರಿ. ತಮ್ಮನೋ ತಂಗಿಯೋ ಆಡುವಾಗ, ಅಳುವಾಗ, ನಿದ್ದೆ ಮಾಡುವಾಗ ಎರಡು ನಿಮಿಷ ಸುಮ್ಮನೆ ನೋಡಿ, ಆಮೇಲೆ ಬರೆಯಿರಿ. ಗೆರೆ ಸೊಟ್ಟಗಾದರೂ ಅಳಿಸಬೇಡಿ. ಕೆಳಗೆ ಹೆಸರು, ತಾರೀಕು ಕನ್ನಡದಲ್ಲೇ ಇರಲಿ. ಪಾಲಕರೇ, ಆ ಹಾಳೆಯನ್ನು ಜೋಪಾನವಾಗಿ ಎತ್ತಿಡಿ. ಶೂ ಎಸೆದು ಅಳುವ ವಯಸ್ಸು ಬೇಗ ಮುಗಿದುಹೋಗುತ್ತದೆ.