ನಿಮಗಿದು ಗೊತ್ತೇ? ಕೋವಿಗೆ ಸರ್ಕಾರ ಕಟ್ಟುವ ಬೆಲೆ

● ಜನರ ಕೈಯಲ್ಲಿರುವ ಬಂದೂಕುಗಳನ್ನು ಹಣ ಕೊಟ್ಟು ಪಡೆದು ನಾಶ ಮಾಡುವ ಯೋಜನೆಗೆ ಅಮೆರಿಕದಲ್ಲಿ 'ಗನ್ ಬೈಬ್ಯಾಕ್' ಎನ್ನುತ್ತಾರೆ. ಅಂದರೆ ಮರುಖರೀದಿ. ವಿರೋಧಿಗಳ ಮೊದಲ ತಕರಾರು ಈ ಹೆಸರಿನ ಮೇಲೆಯೇ: ಸರ್ಕಾರ ತಾನು ಎಂದೂ ಮಾರದ ವಸ್ತುವನ್ನು ಮರಳಿ ಕೊಳ್ಳುವುದು ಹೇಗೆ? ಇದನ್ನು ಬರೀ ಪದಗಳ ಜಗಳವೆಂದು ತಳ್ಳಿಹಾಕಬಾರದು. ಬೆಲೆ ಯಾರು ಕಟ್ಟುತ್ತಾರೆ, ಎಷ್ಟು ಕಟ್ಟುತ್ತಾರೆ ಎಂಬುದರ ಮೇಲೆಯೇ ಇಂಥ ಯೋಜನೆಗಳ ಹಣೆಬರಹ ನಿಂತಿದೆ.

● ಅಮೆರಿಕದಲ್ಲಿ ಇದಕ್ಕೆ ಮೊದಲು ಕೈಹಾಕಿದ ನಗರ ಬಾಲ್ಟಿಮೋರ್. ವರ್ಷ 1974. ಬಂದೂಕು ಒಂದಕ್ಕೆ 50 ಡಾಲರ್. ಬಂದವು 13,000ಕ್ಕೂ ಹೆಚ್ಚು. ಆದರೆ ಯೋಜನೆ ನಡೆಯುತ್ತಿದ್ದ ಅವಧಿಯಲ್ಲೇ ಗುಂಡೇಟಿನ ಕೊಲೆಗಳು ಏರಿದವು.

● ಹೀಗೇಕೆ? ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2004ರ ವರದಿಯಲ್ಲಿ ಈ ಯೋಜನೆಗಳ ತಳಹದಿಯೇ ಸರಿಯಿಲ್ಲ ಎಂದು ನೇರವಾಗಿ ಹೇಳಿತು. ಮೂರು ಕಾರಣ ಕೊಟ್ಟಿತು. ಒಪ್ಪಿಸಲು ಬರುವುದು ಅಪರಾಧಕ್ಕೆ ಬಳಕೆಯಾಗುವ ಸಂಭವ ತೀರಾ ಕಡಿಮೆ ಇರುವ ಬಂದೂಕು. ಕೊಟ್ಟವರು ಬೇಕೆಂದರೆ ನಾಳೆಯೇ ಇನ್ನೊಂದನ್ನು ತರಬಹುದು. ಮೇಲಾಗಿ, ಯಾವುದೇ ಒಂದು ಬಂದೂಕು ಒಂದು ವರ್ಷದಲ್ಲಿ ಅಪರಾಧಕ್ಕೆ ಬಳಕೆಯಾಗುವ ಸಾಧ್ಯತೆಯೇ ಅತಿ ಸಣ್ಣದು. ಇದರ ಹಿಂದಿರುವುದು ಸಂತೆಯ ಲೆಕ್ಕ. ಎಲ್ಲಕ್ಕೂ ಒಂದೇ ದರ, 100 ಡಾಲರ್, ಎಂದು ಬೋರ್ಡು ಹಾಕಿದರೆ ಬರುವುದು 100 ಡಾಲರೂ ಬಾಳದ ಮಾಲು. 600 ಡಾಲರಿನ ಪಿಸ್ತೂಲನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುವವನು ಆ ಸಾಲಿನಲ್ಲಿ ನಿಲ್ಲುವುದಿಲ್ಲ. ಅಟ್ಟದ ಮೇಲೆ ತುಕ್ಕು ಹಿಡಿದಿದ್ದ ತಾತನ ಬಂದೂಕನ್ನು ಹೊತ್ತು ತಂದವರು ನಿಲ್ಲುತ್ತಾರೆ.

● 2012ರಲ್ಲಿ ಷಿಕಾಗೋ ನಗರದ ಯೋಜನೆಗೆ ಬಂದೂಕು ಹಕ್ಕಿನ ಪರವಾದ ಸಂಘಟನೆಯೊಂದು ಸುಮಾರು 60 ಹಳೆಯ, ಕೆಟ್ಟ ಬಂದೂಕುಗಳನ್ನು ಒಯ್ದು ಸುರಿಯಿತು. ಕೈಗೆ ಬಂದದ್ದು 6,000 ಡಾಲರಿಗೂ ಹೆಚ್ಚು ಮೌಲ್ಯದ ಗಿಫ್ಟ್ ಕಾರ್ಡ್. ಆ ಹಣ ಹೋದದ್ದು ಎಲ್ಲಿಗೆ ಗೊತ್ತೇ? ಎಳೆಯರಿಗೆ ಗುರಿ ಹೊಡೆಯಲು ಕಲಿಸುವ ಶಿಬಿರಕ್ಕೆ ಹೊಸ ರೈಫಲ್ ಮತ್ತು ತೋಟಾ ಕೊಳ್ಳಲು.

● ಅದೇ ವರ್ಷದ ಡಿಸೆಂಬರಿನಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ತೀರಿಹೋದ ತಂದೆ ಎರಡನೇ ಮಹಾಯುದ್ಧದಿಂದ ತಂದಿದ್ದ ಬಂದೂಕನ್ನು ಮಗಳು ಪೊಲೀಸರ ಮುಂದಿಟ್ಟರು. ಅಲ್ಲಿದ್ದ ಅಧಿಕಾರಿಗಳು ಅದನ್ನು ಕಂಡು ಬೆಕ್ಕಸಬೆರಗಾದರು. ಅದು ಜರ್ಮನಿಯ ಸ್ಟುರ್ಮ್‌ಗೆವೆರ್ 44. ಇಂದಿನ ಅಸಾಲ್ಟ್ ರೈಫಲ್‌ಗಳಿಗೆಲ್ಲ ಮೂಲಪುರುಷ ಎನ್ನಬಹುದಾದದ್ದು. ಸಂಗ್ರಾಹಕರ ಪೇಟೆಯಲ್ಲಿ ಅದರ ಬೆಲೆ ಹತ್ತಾರು ಸಾವಿರ ಡಾಲರ್. ಗಿಫ್ಟ್ ಕಾರ್ಡ್ ಕೊಟ್ಟು ಕರಗಿಸಲು ಆ ಅಧಿಕಾರಿಗಳಿಗೆ ಮನಸ್ಸು ಬರಲಿಲ್ಲ. ಅವರು ಆಕೆಗೆ ಬೆಲೆ ತಿಳಿಸಿ, ಮಾರಲು ದಾರಿ ತೋರಿದರು. ಅವರಿಗೆ ನನ್ನ ಕೈಮುಗಿತ. ಆದರೆ ಗುರುತು ಹಿಡಿಯಬಲ್ಲ ಕಣ್ಣು ಎಲ್ಲ ಮೇಜಿನ ಹಿಂದೆಯೂ ಇರುವುದಿಲ್ಲ. ಪ್ರಶ್ನೆಯನ್ನೇ ಕೇಳದೆ ಪಡೆದು ಪುಡಿಮಾಡುವ ಪದ್ಧತಿಯಲ್ಲಿ ಇತಿಹಾಸದ ಎಷ್ಟು ತುಣುಕುಗಳು ಕುಲುಮೆಗೆ ಬಿದ್ದವೋ!

● 2013ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ ಹೆದ್ದಾರಿ ಸೇತುವೆಯ ಕೆಳಗೆ ಪೊಲೀಸರು ಬಂದೂಕು ಪಡೆಯುತ್ತಿದ್ದರೆ, ಪಕ್ಕದಲ್ಲೇ ಖಾಸಗಿ ಕೊಳ್ಳುಗರು ನಗದು ಹಿಡಿದು ನಿಂತಿದ್ದರು. ಸಾಲಿನಲ್ಲಿದ್ದವರ ಒಳ್ಳೆಯ ಬಂದೂಕುಗಳಿಗೆ ಪೊಲೀಸರಿಗಿಂತ ಹೆಚ್ಚಿನ ಬೆಲೆ ಕೂಗಿದರು. ಬಳಸಿ ಮುಗಿದ ಕ್ಷಿಪಣಿ ಉಡಾವಣಾ ಕೊಳವೆಯೊಂದು ಕೂಡ ಅಲ್ಲಿ ಕೈ ಬದಲಿಸಿತು. ಪೊಲೀಸರು ಅದನ್ನು ವಶಕ್ಕೆ ಪಡೆದರು.

● 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂಟಿಕಾದಲ್ಲಿ ವ್ಯಕ್ತಿಯೊಬ್ಬ ಮನೆಯ ತ್ರೀಡಿ ಪ್ರಿಂಟರ್‌ನಲ್ಲಿ ಬಂದೂಕಿನ ಪ್ಲಾಸ್ಟಿಕ್ ಭಾಗಗಳನ್ನು ರಾಶಿಗಟ್ಟಲೆ ಅಚ್ಚು ಹಾಕಿ ತಂದು ಒಪ್ಪಿಸಿದ. ಮರಳಿದ್ದು 21,000 ಡಾಲರ್ ಮೊತ್ತದ ಗಿಫ್ಟ್ ಕಾರ್ಡ್‌ಗಳೊಂದಿಗೆ. ಅಧಿಕಾರಿಗಳು ಆಮೇಲೆ ನಿಯಮ ಬಿಗಿ ಮಾಡಿದರು.

● ಒಪ್ಪಿಸಿದ ಬಂದೂಕು ಪೂರ್ತಿ ನಾಶವಾಗುತ್ತದೆ ಎಂದು ಕೊಟ್ಟವರು ನಂಬಿರುತ್ತಾರೆ. 2023ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬೇರೆಯೇ ಕಥೆ ಹೊರಗಿಟ್ಟಿತು. ಅಮೆರಿಕದ ಕಾನೂನು ಬಂದೂಕೆಂದು ಲೆಕ್ಕ ಹಿಡಿಯುವುದು ನಡುವಿನ ಚೌಕಟ್ಟಿನ ಭಾಗವನ್ನು. ಕೆಲವು ಗುತ್ತಿಗೆ ಕಂಪನಿಗಳು ಅದೊಂದನ್ನು ಪುಡಿಮಾಡಿ, ನಳಿಗೆ, ಕುದುರೆ, ಹಿಡಿ ಎಲ್ಲವನ್ನೂ ಕಿಟ್ ಮಾಡಿ ಮಾರುತ್ತಿದ್ದವು. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಇನ್ನೊಂದು ಮನೆಗೆ ಈ ಗತಿ ಬಾರದಿರಲಿ ಎಂದು ಬಂದೂಕು ಒಪ್ಪಿಸಿದ್ದಾಳೆ ಎಂದುಕೊಳ್ಳಿ. ಅವಳಿಗೆ ಏನು ಉತ್ತರ ಕೊಡುವುದು? ನನ್ನ ಮಟ್ಟಿಗೆ ಬೆಲೆಯ ದೂರಿಗಿಂತ ದೊಡ್ಡ ದೂರು ಇದು. ಹಣ ಕಡಿಮೆಯಾದರೆ ಸಹಿಸಬಹುದು, ಕೊಟ್ಟ ಮಾತು ತಪ್ಪಿದರೆ ಸಹಿಸಲಾಗದು.

● ಅಮೆರಿಕದಲ್ಲಿ ಗುಂಡಿಗೆ ಬಲಿಯಾಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯದು ಆತ್ಮಹತ್ಯೆ. ಹಾಗಾಗಿ ಯಾರೂ ಬಳಸದ ಅಟ್ಟದ ಬಂದೂಕೂ ಮನೆಯಿಂದ ಹೊರಹೋಗುವುದು ಒಳ್ಳೆಯದೇ ಎಂದು ಯೋಜನೆಯ ಪರವಾಗಿರುವವರು ವಾದಿಸುತ್ತಾರೆ. ಟೀಕಿಸುವವರೂ ಈ ಮಾತಿಗೆ ಕಿವಿಗೊಡಬೇಕು.

● ಆಸ್ಟ್ರೇಲಿಯಾದ ಕಥೆ ಬೇರೆ. 1996ರ ಏಪ್ರಿಲ್ 28ರಂದು ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ ಹಂತಕ 35 ಮಂದಿಯನ್ನು ಕೊಂದ. ಹನ್ನೆರಡೇ ದಿನಕ್ಕೆ ರಾಷ್ಟ್ರೀಯ ಒಪ್ಪಂದ ಸಿದ್ಧವಾಯಿತು. ಅಲ್ಲಿ ಒಪ್ಪಿಸುವುದು ಇಷ್ಟಕ್ಕೆ ಬಿಟ್ಟ ಸಂಗತಿಯಾಗಿರಲಿಲ್ಲ; ನಿಷೇಧಿಸಿದ ಬಗೆಯ ಬಂದೂಕನ್ನು ಕೊಡಲೇಬೇಕಿತ್ತು. ಸುಮಾರು 6.5 ಲಕ್ಷ ಬಂದೂಕುಗಳು ಬಂದವು. ಪರಿಹಾರದ ಹಣಕ್ಕಾಗಿ ಮೆಡಿಕೇರ್ (ಸರ್ಕಾರಿ ಆರೋಗ್ಯ ವಿಮೆ) ತೆರಿಗೆಯನ್ನು ಒಂದು ವರ್ಷದ ಮಟ್ಟಿಗೆ ಆದಾಯದ ಶೇ 0.2ರಷ್ಟು ಏರಿಸಿದರು. ಗಮನಿಸಿ, ಅಲ್ಲಿ ಕೊಟ್ಟದ್ದು ಎಲ್ಲಕ್ಕೂ ಒಂದೇ ದರವಲ್ಲ, ಮಾದರಿ ನೋಡಿ ಕಟ್ಟಿದ ಬೆಲೆ. ಜೊತೆಗೆ ಲೈಸೆನ್ಸು, ನೋಂದಣಿಯ ನಿಯಮಗಳೂ ಬಿಗಿಯಾದವು.

● ಬ್ರಿಟನ್ನಿನಲ್ಲಿ ಡನ್‌ಬ್ಲೇನ್ ಶಾಲೆಯ 16 ಮಕ್ಕಳು ಮತ್ತು ಅವರ ಶಿಕ್ಷಕಿ ಹತರಾದ ಮೇಲೆ, 1997ರಲ್ಲಿ ಪಿಸ್ತೂಲುಗಳಿಗೆ ನಿಷೇಧ ಬಂತು. ಸುಮಾರು 1,62,000 ಪಿಸ್ತೂಲುಗಳು ಸರ್ಕಾರದ ಪಾಲಾದವು. 1919ಕ್ಕೆ ಮೊದಲು ತಯಾರಾದ, ಚಾರಿತ್ರಿಕ ಮಹತ್ವದ ಪಿಸ್ತೂಲುಗಳಿಗೆ ಆ ಕಾನೂನು ಬೇರೆ ದಾರಿ ಇಟ್ಟಿತ್ತು. ಒಲಿಂಪಿಕ್ ಪಿಸ್ತೂಲು ಸ್ಪರ್ಧಿಗಳು ಮಾತ್ರ ಅಭ್ಯಾಸಕ್ಕೆ ಪರದೇಶಕ್ಕೆ ಹೋಗಬೇಕಾಯಿತು.

● ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 2019ರಲ್ಲಿ 51 ಮಂದಿ ಗುಂಡಿಗೆ ಬಲಿಯಾದರು. ನಂತರ ಸರ್ಕಾರ ಕೆಲವು ಬಗೆಯ ಬಂದೂಕುಗಳನ್ನು ನಿಷೇಧಿಸಿ, ಅವುಗಳ ಸ್ಥಿತಿ ನೋಡಿ ದರ ಕಟ್ಟಿತು: ಹೊಸದರಂತಿದ್ದರೆ ಮೂಲಬೆಲೆಯ ಶೇ 95, ಬಳಸಿದ್ದಾದರೆ ಶೇ 70, ಕೆಟ್ಟಿದ್ದರೆ ಶೇ 25. ಸುಮಾರು 56,000 ಬಂದೂಕುಗಳು ಬಂದವು. ನಿಷೇಧಕ್ಕೆ ಒಳಗಾದವು ದೇಶದಲ್ಲಿ ಒಟ್ಟು ಎಷ್ಟಿದ್ದವು? ಪ್ರತಿ ಬಂದೂಕಿನ ನೋಂದಣಿ ಅಲ್ಲಿ ಇರಲಿಲ್ಲವಾದ್ದರಿಂದ ಅಂದಾಜುಗಳು 55,000ದಿಂದ 2,40,000ದವರೆಗೆ ಹರಡಿದ್ದವು. ಹತ್ತು ಕೋಟಿ ನ್ಯೂಜಿಲೆಂಡ್ ಡಾಲರ್ ಖರ್ಚಾದ ಮೇಲೂ ಎಷ್ಟು ಪಾಲು ಗೆದ್ದೆವೆಂದು ಹೇಳಲಾಗದ ಸ್ಥಿತಿ. ಬಂದೂಕುಗಳ ನೋಂದಣಿ ಆರಂಭವಾದದ್ದು 2023ರಲ್ಲಿ.

● ನಮ್ಮಲ್ಲಿ? 2019ರ ಶಸ್ತ್ರಾಸ್ತ್ರ ಕಾಯ್ದೆಯ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮೊದಲು ಒಂದಕ್ಕೇ ಇಳಿಸುವ ಪ್ರಸ್ತಾವವಿತ್ತು. ಹೆಚ್ಚುವರಿಯನ್ನು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕಿತ್ತು. ಕೊಳ್ಳುವ ಮಾತು ಆ ತಿದ್ದುಪಡಿಯಲ್ಲಿ ಇರಲಿಲ್ಲ. ಅಜ್ಜನಿಂದ ಬಂದ ಕೋವಿಯಾದರೂ ಅಷ್ಟೇ.

● ಆದರೆ ಕೋವಿಯ ಬೆಲೆ ಹಣದ್ದಷ್ಟೇ ಅಲ್ಲ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಂದು ಅಲ್ಲಿ ಕೋವಿಗೆ ಹೂವಿಟ್ಟು ಪೂಜೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಹಿಂದಿನಿಂದ ಬಂದ ವಾಡಿಕೆ.