ಮಗನಿಗೆ ಬ್ಯಾಟರಿ ಬೈಕು ಸರಿ, ತಲೆಗೆ ಏನು?

ಬೇಸಿಗೆ ರಜೆ ಬಂತೆಂದರೆ ಕಲಬುರ್ಗಿಯ ಮಕ್ಕಳ ಸವಾರಿ ಅಜ್ಜಿ ಊರಿಗೆ. ಅಫಜಲಪುರ ತಾಲ್ಲೂಕಿನ ಗೊಬ್ಬೂರಿನ ಕಡೆ ತೊಗರಿ ಕಿತ್ತ ಹೊಲ, ಖಾಲಿ ಬಂಡಿದಾರಿ ಕಂಡರೆ ಕಾಲು ನಿಲ್ಲುವುದಿಲ್ಲ. ಜೊತೆಗೆ ಸೋದರಮಾವ ಕೊಡಿಸಿದ ಬ್ಯಾಟರಿಯ ಡರ್ಟ್ ಬೈಕ್ ಇದ್ದರಂತೂ ಕೇಳಲೇಬೇಡಿ!

ಸದ್ದಿಲ್ಲ, ಹೊಗೆಯಿಲ್ಲ, ನೋಡಲು ಆಟಿಕೆ. ಆದರೆ ಎಕ್ಸಲೇಟರ್ ತಿರುವಿದ ಕ್ಷಣವೇ ಮೋಟಾರು ಜೋರಾಗಿ ಎಳೆಯುತ್ತದೆ. ಹೆದರಿದ ಮಗು ಹ್ಯಾಂಡಲ್ ಬಿಗಿ ಹಿಡಿಯುತ್ತದೆ, ಹಿಡಿದಷ್ಟೂ ಗಾಡಿ ಮುಂದೋಡುತ್ತದೆ. ಬೇಸಿಗೆಯ ಎರೆಹೊಲದಲ್ಲಿ ಬಿರುಕು ಬೇರೆ. ಸಣ್ಣ ಗಾಲಿ ಅದರೊಳಗೆ ಸಿಕ್ಕಿದರೆ ಮಗು ಮುಖ ಅಡಿಯಾಗಿ ಬೀಳುತ್ತದೆ. ಅದಕ್ಕೇ ಗಲ್ಲವನ್ನೂ ಮುಚ್ಚುವ ಫುಲ್‌ಫೇಸ್ ಹೆಲ್ಮೆಟ್ಟೇ ಬೇಕು; ಅರ್ಧ ಟೋಪಿಯಂಥದ್ದು ಬೇಡ.

ಅಂಗಡಿಗೆ ಮಗುವನ್ನೇ ಕರೆದುಕೊಂಡು ಹೋಗಿ. ಹುಬ್ಬಿನಿಂದ ಒಂದಿಂಚು ಮೇಲೆ, ತಲೆಯ ಸುತ್ತ ದರ್ಜಿ ಟೇಪಿನಿಂದ ಅಳೆದು, ಆ ಸೆಂಟಿಮೀಟರಿನ ಅಳತೆಯದನ್ನೇ ಕೇಳಿ. ಹಾಕಿಸಿ ತಲೆ ಅಲ್ಲಾಡಿಸಲು ಹೇಳಿ. ಹೆಲ್ಮೆಟ್ ಒಂದು ಕಡೆ, ತಲೆ ಒಂದು ಕಡೆ ಹೋದರೆ ಅದು ದೊಡ್ಡದು. ಕೆನ್ನೆ ಸ್ವಲ್ಪ ಒತ್ತಿದಂತಿರಬೇಕು. ಗಲ್ಲದ ಪಟ್ಟಿಯೊಳಗೆ ಎರಡು ಬೆರಳಿಗಿಂತ ಹೆಚ್ಚು ಹೋಗಬಾರದು. 'ಮುಂದಿನ ವರ್ಷಕ್ಕೂ ಬರಲಿ' ಎಂದು ದೊಡ್ಡದು ತರುವ ನಮ್ಮ ಯೂನಿಫಾರ್ಮ್ ಬುದ್ಧಿ ಇಲ್ಲಿ ಬೇಡ ಕಣ್ರೀ. ಹಾಗೆಂದು ದೊಡ್ಡವರ ಭಾರದ ಹೆಲ್ಮೆಟ್ಟನ್ನೂ ಹೊರಿಸಬೇಡಿ, ಎಳೆಯ ಕುತ್ತಿಗೆ ತಡೆಯುವುದಿಲ್ಲ. 2021ರ ಜೂನ್ 1ರಿಂದ ದ್ವಿಚಕ್ರ ವಾಹನದ ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಕಡ್ಡಾಯ. ರಸ್ತೆ ಬದಿಯ ಅಗ್ಗದ ಮಾಲಿನಲ್ಲಿ ಆ ಗುರುತೂ ಬರೀ ಸ್ಟಿಕ್ಕರ್ ಆಗಿರಬಹುದು, ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಉಳಿದದ್ದು ಸುಲಭ. ಮೊಣಕಾಲು, ಮೊಣಕೈಗೆ ಗಟ್ಟಿ ಚಿಪ್ಪಿನ ಕಾಪು, ಪೂರ್ತಿ ಬೆರಳಿನ ಕೈಗವಸು, ದೂಳಿಗೆ ಗಾಗಲ್ಸ್, ಪಾದದ ಗಂಟು ಮುಚ್ಚುವ ಬೂಟು. ಚಪ್ಪಲಿ ಕೂಡದು. ಹುಡುಗಿಯರ ದುಪಟ್ಟಾ, ಹುಡುಗರ ಉದ್ದ ಲೇಸು ಚೈನಿಗೆ ಸಿಕ್ಕೀತು. ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಇಷ್ಟೆಲ್ಲ ಹಾಕಿಸಿದರೆ ಮಗು ಬೆಂದು ಹೋಗುತ್ತದೆ. ಬೆಳಗ್ಗೆ ಎಂಟರೊಳಗೆ ಅಥವಾ ಹೊತ್ತು ಇಳಿದ ಮೇಲೆ ಬಿಡಿ. ವೇಗ ಕಡಿಮೆ ಮಾಡುವ ಸ್ವಿಚ್ ಇದ್ದರೆ ಮೊದಲ ದಿನವೇ ಕಡಿಮೆಗಿಡಿ.

ಹೊಲ ಬಿಟ್ಟು ಟಾರು ರಸ್ತೆಗೆ ಮಾತ್ರ ಬಿಡಬೇಡಿ. ಲೈಸೆನ್ಸ್ ವಯಸ್ಸಾಗದ ಮಗು ಮೋಟಾರು ವಾಹನ ಓಡಿಸಿ ತಪ್ಪು ಮಾಡಿದರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು.

ಅಪ್ಪನ ಬೈಕಿನಲ್ಲಿ ಹಿಂದೆ ಕೂರುವ ಪುಟಾಣಿಗೂ ನಿಯಮವಿದೆ. 2023ರ ಫೆಬ್ರುವರಿ 15ರಿಂದ 9 ತಿಂಗಳಿನಿಂದ 4 ವರ್ಷದ ಮಕ್ಕಳಿಗೆ ಹೆಲ್ಮೆಟ್ ಜೊತೆ, ಸವಾರನ ಹೆಗಲಿಗೆ ಕಟ್ಟುವ ಸುರಕ್ಷಾ ಪಟ್ಟಿ ಬೇಕು. ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ನಾಲ್ಕು ದಾಟಿದವರಿಗೆ ದೊಡ್ಡವರಂತೆಯೇ ಹೆಲ್ಮೆಟ್ ಕಡ್ಡಾಯ.

ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟನ್ನು ತಮ್ಮನಿಗೆ ದಾಟಿಸಬೇಡಿ. ಒಳಗಿನ ಥರ್ಮಾಕೋಲ್ ಒಂದೇ ಪೆಟ್ಟಿಗೆ ಅದುಮಿ ಹೋಗಿರುತ್ತದೆ, ಹೊರಗೆ ಗೀರೂ ಕಾಣದು.