ಸ್ಕ್ರೂ ಬಿಗಿದರೆ ಸ್ಟೀರಿಂಗ್ ಸರಿಹೋಗದು

ಬೆಂಗಳೂರಿನ ಜಯನಗರ, ಬನಶಂಕರಿಯ ಹಳೆಯ ಮನೆಗಳ ಮುಂದೆ ಪ್ರೀಮಿಯರ್ ಪದ್ಮಿನಿ, ಮಾರುತಿ ಜಿಪ್ಸಿಗಳು ಇನ್ನೂ ಅಲ್ಲಲ್ಲಿ ಕಾಣಸಿಗುತ್ತವೆ. ಇವುಗಳಲ್ಲಿರುವುದು ಇಂದಿನ ಕಾರುಗಳ ರ‍್ಯಾಕ್ ಅಂಡ್ ಪಿನಿಯನ್ ಅಲ್ಲ, ಸ್ಟೀರಿಂಗ್ ಬಾಕ್ಸ್. ಪ್ಲೇ, ಅಂದರೆ ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಅಲ್ಲಾಡುವ ಸಡಿಲ, ಹೆಚ್ಚಾದೊಡನೆ ಹಲವರು ಬಾಕ್ಸಿನ ಅಡ್ಜಸ್ಟಿಂಗ್ ಸ್ಕ್ರೂ ಬಿಗಿಸಿಬಿಡುತ್ತಾರೆ. ತೀರಾ ಸವೆದ ಬಾಕ್ಸಿಗೆ ಇದು ರಿಪೇರಿಯಲ್ಲ, ಅಪಾಯ. ಕಾರು ಬಹುಪಾಲು ನೇರವಾಗಿಯೇ ಓಡುವುದರಿಂದ ಒಳಗಿನ ಗೇರು ನಡುಭಾಗದಲ್ಲೇ ಹೆಚ್ಚು ಸವೆಯುತ್ತದೆ. ಆ ಸಡಿಲ ಹೋಗುವಷ್ಟು ಬಿಗಿದರೆ ಸವೆಯದ ಭಾಗ ತಿರುವಿನಲ್ಲಿ ಹಿಡಿದುಕೊಳ್ಳುತ್ತದೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ.

ಹಾಗಾಗಿ ಮೊದಲು ದೋಷ ಎಲ್ಲಿದೆಯೆಂದು ಹುಡುಕಬೇಕು. ಒಬ್ಬರು ಸ್ಟೀರಿಂಗನ್ನು ಅತ್ತಿತ್ತ ಅಲ್ಲಾಡಿಸಲಿ, ಇನ್ನೊಬ್ಬರು ಬಾಕ್ಸಿನಿಂದ ಹೊರಬರುವ ಪಿಟ್‌ಮನ್ ಆರ್ಮ್ ಗಮನಿಸಲಿ. ಸ್ಟೀರಿಂಗ್ ಶಾಫ್ಟ್ ತಿರುಗಿದರೂ ಆರ್ಮ್ ಕದಲದಿದ್ದರೆ ದೋಷ ಬಾಕ್ಸಿನದು. ಆರ್ಮ್ ಕದಲಿದರೂ ಚಕ್ರ ತಿರುಗದಿದ್ದರೆ ಟೈ ರಾಡ್ ಎಂಡ್‌ಗಳನ್ನು ನೋಡಬೇಕು. ದುರಸ್ತಿಗೆಂದು ಬಾಕ್ಸ್ ಇಳಿಸುವಾಗ ಜಾಕನ್ನಷ್ಟೇ ನಂಬದೆ ಕಾರನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಆರ್ಮ್ ಕೂತ ಜಾಗಕ್ಕೆ ಗುರುತು ಹಾಕಿ, ಸುತ್ತಿಗೆಯಿಂದ ಹೊಡೆಯದೆ ಪುಲ್ಲರ್‌ನಿಂದ ಎಳೆಯಬೇಕು. ಬಿರುಕು ಬಿಟ್ಟ ಭಾಗಕ್ಕೆ ವೆಲ್ಡಿಂಗ್ ಸಲ್ಲದು.

ಬಿಡಿಭಾಗ ಸುಲಭಕ್ಕೆ ಸಿಗುವುದಿಲ್ಲ, ಖರ್ಚು ಹೆಚ್ಚು ಎಂಬ ಆಕ್ಷೇಪ ನಿಜವೇ. ಆದರೆ ಗೇರಿನ ಹಲ್ಲು ಚೆನ್ನಾಗಿದ್ದರೆ ಬೇರಿಂಗ್, ಬುಷ್, ಆಯಿಲ್ ಸೀಲ್ ಬದಲಿಸಿದರೆ ಸಾಕಾಗಬಹುದು, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಲು ಸಮಯ ಕೊಡಬೇಕಷ್ಟೆ. ಊರೊಳಗೆ ನಿಧಾನವಾಗಿ ಓಡುವ ಕಾರಿಗೆ ಇಷ್ಟೆಲ್ಲ ಏಕೆ ಎನ್ನುವವರೂ ಇದ್ದಾರೆ. ಆದರೆ ಬ್ರೇಕ್ ಸೋತರೆ ಹ್ಯಾಂಡ್‌ಬ್ರೇಕ್ ಇದೆ. ಸ್ಟೀರಿಂಗ್ ಸೋತರೆ ಎರಡನೆಯ ದಾರಿಯಿಲ್ಲ, ಪಾದಚಾರಿಗಂತೂ ಇಲ್ಲವೇ ಇಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಹೇಗೂ ಫಿಟ್‌ನೆಸ್ ತಪಾಸಣೆ ಆಗಲೇಬೇಕು. ಅದಕ್ಕೆ ಕಾಯದೆ ಇಂದೇ ಪ್ಲೇ ಪರೀಕ್ಷಿಸಿ.